ಸಾಕವ್ವ ಸಾಕಿದ ನಟಿ

1

ಉಮಾಶ್ರೀಯವರ ಬಗ್ಗೆ ಬರೆಯುವವರು, ಭಾಷಣ ಮಾಡುವವರು ಒಂದು ಮಾತನ್ನು ತಪ್ಪದೇ ಹೇಳುತ್ತಾರೆ: 'ಒಡಲಾಳ'ದ ಸಾಕವ್ವನಿಗೆ ಅವರು ಜೀವ ತುಂಬಿದರು. ಸನ್ಮಾನ ಪತ್ರಗಳಲ್ಲಿ, ಪತ್ರಿಕೆಗಳ ಭಾನುವಾರದ ಪುರವಣಿಗಳಲ್ಲಿ ಈ ಮಾತು ಬಳಸಿ ಬಳಸಿ ಸವೆದುಹೋಗಿದೆ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಕ್ಕಿಲ್ಲ. ಆದರೆ ದಲಿತ ವಿಮರ್ಶೆ ಇಂಥ ಸವೆದ ಮಾತುಗಳನ್ನೇ ಮೊದಲು ಹಿಡಿದು ನಿಲ್ಲಿಸಿ ಕೇಳಬೇಕು. ಜೀವ ತುಂಬುವುದು ಅಂದರೇನು? ಸಾಕವ್ವ ಸತ್ತು ಬಿದ್ದಿದ್ದಳೇ?

ನನ್ನ ವಾದ ಇಷ್ಟು. ದೇವನೂರ ಮಹಾದೇವರ ಸಾಕವ್ವ ರಂಗಕ್ಕೆ ಬರುವ ಮೊದಲೇ ಉಸಿರಾಡುತ್ತಿದ್ದಳು, ಬೈಯುತ್ತಿದ್ದಳು, ಕಳೆದುಹೋದ ಹುಂಜವನ್ನು ಹುಡುಕಿಕೊಂಡು ಕೇರಿ ಕೇರಿ ಅಲೆಯುತ್ತಿದ್ದಳು. ಉಸಿರು ಕಟ್ಟಿದ್ದು ನಟಿಗೆ. ಕನ್ನಡ ಸಿನಿಮಾ ಒಬ್ಬ ದೊಡ್ಡ ನಟಿಯನ್ನು ನಗೆಪಾಟಲಿನ ಪಾತ್ರಗಳಲ್ಲಿ ತೇಯುತ್ತಿದ್ದ ಕಾಲದಲ್ಲಿ ಆಕೆಯೊಳಗಿನ ಕಲಾವಿದೆಯನ್ನು ಕಾಪಾಡಿದ್ದು ಹೊಲಗೇರಿಯ ಒಬ್ಬ ಮುದುಕಿ. ಉಮಾಶ್ರೀಯನ್ನು ಸಾಕವ್ವ ಸಾಕಿದಳು. ಈ ಲೆಕ್ಕವನ್ನು ಸರಿಯಾಗಿ ಬರೆದಿಡದಿದ್ದರೆ ನಮ್ಮ ಸಾಹಿತ್ಯ ಯಾರಿಗೆ ಏನು ಕೊಟ್ಟಿತು ಎಂಬುದೂ, ನಮಗೆ ಬರಬೇಕಾದ ಬಾಕಿ ಎಷ್ಟು ಎಂಬುದೂ ತಿಳಿಯುವುದಿಲ್ಲ.

2

ಮೊದಲಿಗೆ ನಟಿಯ ದಾರಿಯನ್ನು ನೋಡೋಣ. ಉಮಾಶ್ರೀ ಹುಟ್ಟಿದ್ದು 1957ರಲ್ಲಿ, ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ, ನೇಕಾರ ಕುಟುಂಬದಲ್ಲಿ. ಬೇಗ ಮದುವೆಯಾಗಿ, ಸಂಸಾರ ಮುರಿದು, ಇಬ್ಬರು ಮಕ್ಕಳನ್ನು ಒಂಟಿಯಾಗಿ ಬೆಳೆಸಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ನಾಟಕ ಅವರಿಗೆ ಮೊದಲು ಅನ್ನದ ದಾರಿ, ಆಮೇಲೆ ಕಲೆ. ದೊಡ್ಡ ಮನೆಯ ಹೆಣ್ಣುಮಕ್ಕಳು ಹವ್ಯಾಸಕ್ಕೆಂದು ರಂಗ ಹತ್ತುವುದಕ್ಕೂ, ಸಂಜೆಯ ಸಂಭಾವನೆಯಲ್ಲಿ ನಾಳೆಯ ಅಕ್ಕಿಯನ್ನು ಎಣಿಸುತ್ತ ರಂಗ ಹತ್ತುವುದಕ್ಕೂ ವ್ಯತ್ಯಾಸ ಇದೆ.

1984ರಲ್ಲಿ ಕಾಶೀನಾಥರ 'ಅನುಭವ' ಬಂತು. ಉಮಾಶ್ರೀ ಮನೆಮಾತಾದರು. ಮನೆಮಾತಾದರು ಅನ್ನುವುದಕ್ಕಿಂತ ಬೀದಿಮಾತಾದರು ಅನ್ನುವುದೇ ಸರಿ. ಅಲ್ಲಿಂದ ಮುಂದೆ ಎನ್. ಎಸ್. ರಾವ್, ದಿನೇಶ್, ಮೈಸೂರು ಲೋಕೇಶ್ ಮುಂತಾದವರ ಎದುರಿಗೆ ಅವರನ್ನು ನಿಲ್ಲಿಸಿ ಕನ್ನಡ ಸಿನಿಮಾ ಎರಡು ಅರ್ಥದ ಮಾತುಗಳ ಒಂದು ಉದ್ಯಮವನ್ನೇ ನಡೆಸಿತು. ಮನೆಗೆಲಸದವಳು, ಜಗಳಗಂಟಿ, ಗಂಡನನ್ನು ಅಟ್ಟಿಸಿಕೊಂಡು ಹೋಗುವ ಹೆಂಡತಿ, ಸೆರಗು ಜಾರಿಸುವ ನೆರೆಮನೆಯವಳು. ನಾಯಕಿ ಅಳುವುದಕ್ಕೆ, ನಾಚುವುದಕ್ಕೆ, ಪ್ರೀತಿಸುವುದಕ್ಕೆ ಇರುವವಳು. ಉಮಾಶ್ರೀ ಇರುವುದು ಪ್ರೇಕ್ಷಕ ಶಿಳ್ಳೆ ಹೊಡೆಯುವುದಕ್ಕೆ.

ಸಿನಿಮಾದವರು ಇಂಥ ಕಲಾವಿದರನ್ನು 'ಪೋಷಕ ನಟಿ' ಎಂದು ಕರೆಯುತ್ತಾರೆ. ಒಳ್ಳೆಯ ಪದ. ಆದರೆ ಪೋಷಣೆ ಯಾರಿಗೆ? ನಾಯಕಿ ಬೆಳ್ಳಗೆ ಕಾಣಬೇಕಾದರೆ ಪಕ್ಕದಲ್ಲಿ ಕಪ್ಪಗಿನವಳೊಬ್ಬಳು ನಿಲ್ಲಬೇಕು. ನಾಯಕಿಯ ಶೀಲ ಎದ್ದು ಕಾಣಬೇಕಾದರೆ ಶೀಲವಿಲ್ಲದವಳೊಬ್ಬಳು ಬೇಕು. ನಾಯಕಿಯ ಮೆಲುದನಿಗೆ ಬೆಲೆ ಬರಬೇಕಾದರೆ ಗಂಟಲು ಹರಿಯುವ ಹಾಗೆ ಕೂಗುವವಳೊಬ್ಬಳು ಬೇಕು. ಊರು ಶುದ್ಧವಾಗಿ ಕಾಣಲು ಕೇರಿ ಹೊರಗಿರಬೇಕು ಅನ್ನುವ ವ್ಯವಸ್ಥೆಗೂ ಇದಕ್ಕೂ ಏನು ದೂರ? ಕನ್ನಡ ಸಿನಿಮಾದ ಪಾತ್ರಹಂಚಿಕೆಯೊಳಗೆ ಒಂದು ವರ್ಣಾಶ್ರಮ ಕೂತಿದೆ. ಜಾತಿಯ ಹೆಸರು ಹೇಳದೆಯೇ ಅದು ಮೈಬಣ್ಣ, ದನಿ, ಮೈಕಟ್ಟುಗಳ ಮೂಲಕ ಕೆಲಸ ಮಾಡುತ್ತದೆ.

ಇಲ್ಲಿ ನಮ್ಮ ಮುಖವನ್ನೂ ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಲಿಂಗಸುಗೂರಿನ ಟಾಕೀಸಿನಲ್ಲಿ ನೆಲದ ಮೇಲೆ ಕೂತು ಈ ಮಾತುಗಳಿಗೆ ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹೊಡೆದವರು ನಾವೇ. ಹಗಲು ಸಂಘಟನೆಯ ಸಭೆ, ಭೂಮಿಯ ಪ್ರಶ್ನೆ, ಘೋಷಣೆ; ರಾತ್ರಿ ಎರಡನೇ ಆಟ. ಪರದೆ ಮೇಲೆ ಕಂಡ ಆ ಹೆಣ್ಣಿನ ದನಿ ನಮ್ಮ ಅವ್ವ ನೀರಿನ ಬಾವಿಯ ಹತ್ತಿರ ಜಗಳ ಕಾಯುವ ದನಿಯೇ, ಆಕೆ ಸೆರಗು ಸಿಕ್ಕಿಸಿಕೊಳ್ಳುವ ರೀತಿ ಶೇಂಗಾ ಹೊಲದಲ್ಲಿ ನಮ್ಮ ಅಕ್ಕಂದಿರು ಸಿಕ್ಕಿಸಿಕೊಳ್ಳುವ ರೀತಿಯೇ ಅನ್ನುವುದು ನಮಗೆ ಹೊಳೆಯಲಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳನ್ನು ನೋಡಿ ನಗುವುದನ್ನು ದುಡ್ಡು ಕೊಟ್ಟು ಕಲಿತುಬಂದೆವು. ದಲಿತ ಗಂಡಸು ತನ್ನ ವಿಮರ್ಶೆಯನ್ನು ಈ ತಪ್ಪೊಪ್ಪಿಗೆಯಿಂದ ಶುರು ಮಾಡದಿದ್ದರೆ ಅವನ ಸಿಟ್ಟಿನಲ್ಲಿ ಅರ್ಧ ಸುಳ್ಳಿರುತ್ತದೆ.

3

ಈ ನಗೆಯ ಉದ್ಯಮ ನಡೆಯುತ್ತಿದ್ದ ದಶಕಗಳಲ್ಲೇ ಇತ್ತ ರಂಗದ ಮೇಲೆ ಸಾಕವ್ವ ಬಂದಳು. ನಿರ್ದೇಶಕರು ಸಿ. ಜಿ. ಕೃಷ್ಣಸ್ವಾಮಿ, ಎಲ್ಲರ ಸಿಜಿಕೆ. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಸುಟ್ಟು ಕೊಂದ ಸುದ್ದಿಯನ್ನು ಕರ್ನಾಟಕದ ಬೀದಿಗೆ ತಂದ 'ಬೆಲ್ಚಿ' ನಾಟಕದ ಹಿಂದಿದ್ದವರೂ ಅವರೇ. ಹಾಗಾಗಿ 'ಒಡಲಾಳ'ವನ್ನು ಅವರು ಕೈಗೆತ್ತಿಕೊಂಡದ್ದು ಆಕಸ್ಮಿಕ ಅಲ್ಲ.

'ಒಡಲಾಳ'ದ ಕತೆ ಓದುಗರಿಗೆ ಗೊತ್ತಿರುವುದೇ. ಹುಂಜ ಕಳೆದುಕೊಂಡ ಮುದುಕಿ. ಒಂದೇ ಗುಡಿಸಿಲಲ್ಲಿ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಸಾಹುಕಾರನ ಕಡ್ಲೆಕಾಯಿ ಕದ್ದು ತಂದು ರಾತ್ರಿಯೆಲ್ಲ ಇಡೀ ಮನೆ ಸುತ್ತ ಕೂತು ತಿನ್ನುವುದು, ಬೆಳಗಾದರೆ ಪೊಲೀಸರು. ಗೋಡೆಯ ಮೇಲೆ ನವಿಲು ಬಿಡಿಸುವ ಪುಟ್ಟಗೌರಿ. ಇದರಲ್ಲಿ ಘೋಷಣೆ ಇಲ್ಲ, ಅಯ್ಯೋ ಪಾಪ ಅನ್ನಿಸುವ ಉಪಾಯವೂ ಇಲ್ಲ. ಹಸಿವು ಇದೆ, ಹಸಿದವರ ಚೇಷ್ಟೆ ಇದೆ, ಹಸಿದವರ ಸಂಭ್ರಮ ಇದೆ. ಕಡ್ಲೆಕಾಯಿ ಸುಲಿಯುವ ಆ ರಾತ್ರಿ ಕನ್ನಡ ಸಾಹಿತ್ಯದ ಅತಿ ದೊಡ್ಡ ಹಬ್ಬದೂಟ. ಅವರ ಕಡ್ಲೆಕಾಯಿ ನಮ್ಮ ಶೇಂಗಾ. ಅವರ ಚಾಮರಾಜನಗರ ಸೀಮೆಯ ಮಾತು ನಮ್ಮ ರಾಯಚೂರು ಸೀಮೆಯವರಿಗೆ ಮೊದಲಿಗೆ ತೊಡಕಾದರೂ ಆ ರಾತ್ರಿ ತೊಡಕಾಗುವುದಿಲ್ಲ. ಹಸಿವಿಗೆ ಪ್ರಾಂತ್ಯ ಇಲ್ಲ.

ಈಗ ನಟಿಯನ್ನು ಗಮನಿಸಿ. ಸಿನಿಮಾ ಯಾವುದನ್ನು ನಗೆಗೆ ಇಟ್ಟಿತ್ತೋ ಅದೇ ದನಿ, ಅದೇ ಮೈ, ಅದೇ ಕೈ ಬೀಸುವ ರೀತಿ ಇಲ್ಲಿ ಬಂದಿದೆ. ಉಮಾಶ್ರೀ ಸಾಕವ್ವನಿಗಾಗಿ ತಮ್ಮನ್ನು 'ಸುಸಂಸ್ಕೃತ'ಗೊಳಿಸಿಕೊಳ್ಳಲಿಲ್ಲ. ದನಿ ತಗ್ಗಿಸಲಿಲ್ಲ. ಅಷ್ಟೇನೂ ವಯಸ್ಸಾಗದ ಹೆಣ್ಣು ಬೆನ್ನು ಬಾಗಿಸಿ, ಕಾಲೆಳೆಯುತ್ತ, ಗಂಟಲು ಹರಿದುಕೊಂಡು ಬೈದರು. ಬೈಗುಳ ಅದೇ, ಆದರೆ ಸಭೆ ನಗುವುದು ಬೇರೆ ರೀತಿ. ಸಿನಿಮಾದಲ್ಲಿ ನಾವು ಆ ಹೆಣ್ಣಿನ ಮೇಲೆ ನಕ್ಕೆವು. ಇಲ್ಲಿ ಆಕೆಯ ಜೊತೆ ನಕ್ಕೆವು. ನಗುತ್ತ ನಗುತ್ತ ಎಲ್ಲೋ ಒಂದು ಕಡೆ ನಗೆ ಗಂಟಲಲ್ಲಿ ಸಿಕ್ಕಿಕೊಂಡಿತು.

ನಟಿ ಬದಲಾಗಲಿಲ್ಲ. ಕತೆಯ ನಡುಮನೆಯಲ್ಲಿ ಯಾರ ಹಸಿವನ್ನು ಕೂರಿಸಲಾಗಿದೆ ಅನ್ನುವುದು ಬದಲಾಯಿತು. ಜಗಳಗಂಟಿ ಎನ್ನುವುದು ಸಾಕವ್ವನ 'ಸ್ವಭಾವ' ಅಲ್ಲ. ಬಾಯಿ ಬಿಟ್ಟು ಕೂಗದಿದ್ದರೆ ಇದ್ದ ಹುಂಜವೂ ಹೋಗುತ್ತದೆ ಅನ್ನುವ ಕೇರಿಯಲ್ಲಿ ಆಕೆ ಕಲಿತ ಬದುಕುವ ವಿದ್ಯೆ ಅದು. ಇದನ್ನು ಶಿಷ್ಟ ಅಭಿನಯದ ಯಾವ ಶಾಲೆಯೂ ಉಮಾಶ್ರೀಗೆ ಹೇಳಿಕೊಡುತ್ತಿರಲಿಲ್ಲ. ದಲಿತ ಸಾಹಿತ್ಯ ಹೇಳಿಕೊಟ್ಟಿತು. ಹಾಗಾಗಿ ಸಾಲ ಯಾರದು, ಬಾಕಿ ಯಾರದು ಅನ್ನುವ ಪ್ರಶ್ನೆಯನ್ನು ನಾನು ಎತ್ತಿದ್ದು.

4

ನಮ್ಮ ಕಡೆಗೆ ಬರೋಣ. ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯ ಹಳ್ಳಿಗಳಲ್ಲಿ ಜಾತ್ರೆಗೆ ನಾಟಕ ಇಲ್ಲದಿದ್ದರೆ ಜಾತ್ರೆ ಆದಂಗಿಲ್ಲ. ಗಂಡು ಪಾತ್ರಕ್ಕೆಲ್ಲ ಊರಿನ ಹುಡುಗರು. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಹೆಣ್ಣುಮಕ್ಕಳು. ಮುಂಗಡ ಕೊಟ್ಟು ಕರೆಸುವುದು. ಮರಿಯಮ್ಮನಹಳ್ಳಿಯಂಥ ಊರುಗಳು ನಟಿಯರಿಂದಲೇ ಹೆಸರಾದವು. ಹಾರ್ಮೋನಿಯಂ ಮಾಸ್ತರರ ಜೊತೆ ಒಂದು ಸಲ ತಾಲೀಮು ಮಾಡಿ ರಾತ್ರಿಯೆಲ್ಲ ಮಾತು, ಹಾಡು, ಅಳು, ಕುಣಿತ. ನಡುವೆ ಮೈಕಿನಲ್ಲಿ ಹೆಸರು ಕೂಗಿಸಿಕೊಂಡು ಬಂದು ಸೀರೆಗೆ ನೋಟು ಚುಚ್ಚುವ ಗೌಡರ ಮಕ್ಕಳು.

ಈ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ದೇವದಾಸಿ ಮನೆತನದವರು, ಅಂದರೆ ಬಹುಪಾಲು ನಮ್ಮ ಕೇರಿಗಳವರು. 1982ರಲ್ಲಿ ಕರ್ನಾಟಕ ಈ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಮಾಡಿತು. ಅದಾದ ಮೇಲೂ 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳಲ್ಲಿ ಲೆಕ್ಕಕ್ಕೆ ಸಿಕ್ಕವರು 46 ಸಾವಿರಕ್ಕೂ ಹೆಚ್ಚು. ಅವರಲ್ಲಿ ಎಷ್ಟು ಜನ ಬಣ್ಣ ಹಚ್ಚಿದ್ದರು, ಎಷ್ಟು ರಾಣಿ ಪಾತ್ರ ಮಾಡಿದ್ದರು ಅನ್ನುವ ಕಾಲಂ ಯಾವ ಸಮೀಕ್ಷೆಯಲ್ಲೂ ಇರಲಿಲ್ಲ.

ಹೀಗೆ ವರ್ಷಗಟ್ಟಲೆ ಪಾತ್ರ ಮಾಡಿ ಈಗ ಮುದುಕಿಯಾದ ಒಬ್ಬ ತಾಯಿಯನ್ನು ಒಮ್ಮೆ ಕೇಳಿದೆ: "ಯವ್ವಾ, ನಿಮಗ ಯಾವ ಪಾತ್ರ ಹೆಚ್ಚು ಕೊಡತಿದ್ರು?" ಆಕೆ ಎಲಿ ಅಡಿಕಿ ಮೆಲ್ಲುತ್ತ ಅಂದರು: "ರಾಣಿ ಪಾತ್ರನೂ ಕೊಡತಿದ್ರಪಾ ತಮ್ಮಾ. ಉಣ್ಣಾಕ ಮಾತ್ರ ಹೊರಗ ಕುಂದ್ರಸತಿದ್ರು."

ಈ ಮಾತು ಕೇಳಿದಾಗ ನನಗೆ ನೆನಪಾದದ್ದು ದೂರದ ಅಮೆರಿಕದ ಒಬ್ಬ ಕಪ್ಪು ನಟಿ, ಹ್ಯಾಟಿ ಮ್ಯಾಕ್‌ಡ್ಯಾನಿಯೆಲ್. ಗುಲಾಮರಾಗಿ ಹುಟ್ಟಿದ್ದ ತಂದೆತಾಯಿಯ ಮಗಳು. ಹಾಲಿವುಡ್ಡಿನಲ್ಲಿ ಆಕೆಗೆ ಸಿಕ್ಕಿದ್ದೆಲ್ಲ ಕೆಲಸದವಳ ಪಾತ್ರ. 1939ರ 'ಗಾನ್ ವಿತ್ ದಿ ವಿಂಡ್' ಚಿತ್ರದ 'ಮ್ಯಾಮಿ' ಪಾತ್ರಕ್ಕೆ ಮರುವರ್ಷ ಪೋಷಕ ನಟಿಯ ಆಸ್ಕರ್ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಕಲಾವಿದೆ. ಆದರೆ ಸಮಾರಂಭದ ಹೊಟೇಲಿನಲ್ಲಿ ಆಕೆಯನ್ನು ಚಿತ್ರತಂಡದ ಜೊತೆ ಕೂರಿಸಲಿಲ್ಲ, ಗೋಡೆ ಬದಿಯ ಬೇರೆ ಮೇಜಿಗೆ ಕಳಿಸಿದರು. ಅಟ್ಲಾಂಟಾದಲ್ಲಿ ಆ ಸಿನಿಮಾದ ಮೊದಲ ಪ್ರದರ್ಶನ ನಡೆದಾಗ ಅಲ್ಲಿನ ವರ್ಣಭೇದದಿಂದಾಗಿ ಆಕೆ ಇರಲಿಲ್ಲ. 1952ರಲ್ಲಿ ಸತ್ತಾಗ ಆಕೆ ಬಯಸಿದ್ದ ಹಾಲಿವುಡ್ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ. ಇದರ ಜೊತೆಗೆ ಕಪ್ಪು ಜನರ ಸಂಘಟನೆಯ ಮುಖಂಡರೂ ಆಕೆಯನ್ನು ಟೀಕಿಸಿದರು: ಬಿಳಿಯರಿಗೆ ಬೇಕಾದ ನಗುಮುಖದ ಸೇವಕಿಯನ್ನೇ ಆಡಿ ತೋರಿಸುತ್ತೀಯ ಎಂದು. ಒಳಗಿನವರ ಸಿಟ್ಟು, ಹೊರಗಿನವರ ಹೊರಮೇಜು, ಎರಡರ ನಡುವೆ ಆ ಹೆಣ್ಣುಮಗಳು ದುಡಿದಳು.

ನಮ್ಮ ಚಳವಳಿಗೂ ಈ ಇಕ್ಕಟ್ಟು ಹೊಸದಲ್ಲ. ಪಠ್ಠೆ ಬಾಪುರಾವ್ ಎಂಬ ಬ್ರಾಹ್ಮಣ ಶಾಹಿರ ಮಹಾರ್ ಹೆಣ್ಣುಮಗಳು ಪವಳಾ ಜೊತೆ ತಮಾಶಾ ಕಟ್ಟಿ ಮಹಾರಾಷ್ಟ್ರವನ್ನೇ ಕುಣಿಸಿದ. ಆ ತಮಾಶಾದ ದುಡ್ಡನ್ನು ಚಳವಳಿಗೆ ಕೊಡಲು ಬಂದಾಗ ಬಾಬಾಸಾಹೇಬರು ಮುಟ್ಟಲಿಲ್ಲ ಎಂದು ಹೇಳುತ್ತಾರೆ. ನಮ್ಮ ಹೆಣ್ಣುಮಕ್ಕಳನ್ನು ಕುಣಿಸಿ ಗಳಿಸಿದ ಹಣದಲ್ಲಿ ನಮ್ಮ ವಿಮೋಚನೆ ಬೇಡ ಅನ್ನುವ ನಿಲುವು ಅದು. ಆ ನಿಲುವು ಸರಿಯೇ. ದೇವದಾಸಿ ಪದ್ಧತಿಯ ವಿರುದ್ಧ ನಮ್ಮ ಸಂಘಟನೆಗಳು ನಿಂತದ್ದೂ ಸರಿ. ಆದರೆ ನಾವು ಒಂದು ಕೆಲಸ ಅರ್ಧಕ್ಕೆ ಬಿಟ್ಟೆವು. ನಮ್ಮ ಹೆಣ್ಣುಮಕ್ಕಳಿಗೆ "ಆ ರಂಗದಿಂದ ಇಳೀರಿ" ಅಂದೆವು, ಇನ್ನೊಂದು ರಂಗವನ್ನು ಕಟ್ಟಿ "ಇಲ್ಲಿ ಹತ್ರಿ" ಅನ್ನಲಿಲ್ಲ. ಅವರು ಇಳಿದರು. ರಂಗ ಖಾಲಿ ಉಳಿಯಲಿಲ್ಲ, ಬೇರೆಯವರು ಹತ್ತಿದರು. ಸಾಕವ್ವ ರಂಗಕ್ಕೆ ಬಂದಾಗ ಸಾಕವ್ವನ ಕೇರಿಯ ನಟಿ ಇರಲಿಲ್ಲ ಅನ್ನುವುದಕ್ಕೆ ಅರ್ಧ ಕಾರಣ ಅವರು, ಅರ್ಧ ಕಾರಣ ನಾವು.

5

ಹಾಗಾದರೆ ದಲಿತರಲ್ಲದ ಉಮಾಶ್ರೀ ಸಾಕವ್ವನನ್ನು ಆಡಬಾರದಿತ್ತೇ? ಕೆಲವು ಗೆಳೆಯರು ಹಾಗೆ ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಅಭಿನಯ ಅಂದರೇನೇ ಇನ್ನೊಬ್ಬರ ಮೈಯೊಳಗೆ ಹೋಗುವುದು, ಗೆರೆ ದಾಟುವುದು. ಜಾತಿ ವ್ಯವಸ್ಥೆ ಗೆರೆ ಎಳೆಯುತ್ತದೆ, ನಾಟಕ ಅದನ್ನು ದಾಟುತ್ತದೆ. ದಾಟಬೇಡ ಅನ್ನುವವರ ಸಾಲಿನಲ್ಲಿ ನಾವು ಹೋಗಿ ನಿಲ್ಲಬಾರದು.

ನನ್ನ ಪ್ರಶ್ನೆ ಬೇರೆ. ದಾಟಲು ಯಾರಿಗೆ ಅನುಮತಿ ಇದೆ? ಮಲಯಾಳದ ಮೊದಲ ಸಿನಿಮಾ ಜೆ. ಸಿ. ಡೇನಿಯಲ್‌ರ 'ವಿಗತಕುಮಾರನ್'. ಸುಮಾರು 1930ರ ಮಾತು. ಅದರ ನಾಯಕಿ ಪಿ. ಕೆ. ರೋಸಿ, ದಲಿತ ಕೂಲಿ ಹೆಣ್ಣು. ಆಕೆ ಆಡಿದ್ದು ನಾಯರ್ ಹೆಣ್ಣಿನ ಪಾತ್ರ. ತಿರುವನಂತಪುರದಲ್ಲಿ ಸಿನಿಮಾ ತೋರಿಸಿದಾಗ ಮೇಲ್ಜಾತಿಯವರು ರೊಚ್ಚಿಗೆದ್ದು ಪರದೆಗೆ ಕಲ್ಲು ತೂರಿದರು. ರೋಸಿ ಊರು ಬಿಟ್ಟು ಓಡಿಹೋಗಬೇಕಾಯಿತು. ಮತ್ತೆಂದೂ ಸಿನಿಮಾದಲ್ಲಿ ಕಾಣಿಸಲಿಲ್ಲ. ಆ ಚಿತ್ರದ ರೀಲೂ ಇಂದು ಉಳಿದಿಲ್ಲ.

ಕೆಳಗಿನವಳು ಮೇಲಿನವಳ ಪಾತ್ರ ಮಾಡಿದರೆ ಕಲ್ಲು. ಮೇಲಿನವರು ಕೆಳಗಿನವರ ಪಾತ್ರ ಮಾಡಿದರೆ ಶಾಲು. ರೋಸಿಯ ಕತೆ ಹಳೆಯದಾಯಿತು ಅಂತ ಸುಮ್ಮನಿರುವಂತಿಲ್ಲ. ಕಲ್ಲು ತೂರುವ ಕೈ ಇಂದು ಪಾತ್ರ ಹಂಚುವ ಕೈಯಾಗಿದೆ, ಅಷ್ಟೆ. ಗೆರೆಯನ್ನು ಎರಡೂ ಕಡೆಯಿಂದ ದಾಟುವ ಹಾಗಾದ ದಿನ ಸಾಕವ್ವನನ್ನು ಯಾರು ಆಡಿದರೂ ನಮ್ಮ ತಕರಾರಿಲ್ಲ.

6

ಸಾಕವ್ವ ಕಲಿಸಿದ ವಿದ್ಯೆ ಉಮಾಶ್ರೀಯವರ ಮುಂದಿನ ಕೆಲಸದಲ್ಲಿ ಎಲ್ಲೆಲ್ಲಿ ಕಾಣುತ್ತದೆ? ಗಿರೀಶ ಕಾಸರವಳ್ಳಿಯವರ ಎರಡು ಸಿನಿಮಾಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ವೈದೇಹಿಯವರ ಕತೆಯನ್ನು ಆಧರಿಸಿದ 'ಗುಲಾಬಿ ಟಾಕೀಸ್' ಚಿತ್ರದ ಗುಲಾಬಿ ಕರಾವಳಿಯ ಮೀನುಗಾರರ ನಡುವೆ ಬದುಕುವ ಮುಸ್ಲಿಂ ಸೂಲಗಿತ್ತಿ. ಗಂಡ ಬಿಟ್ಟವಳು, ಸಿನಿಮಾದ ಹುಚ್ಚಿ. ಹೆರಿಗೆ ಮಾಡಿಸಿದ್ದಕ್ಕೆ ಬಂದ ಟೀವಿ ಮತ್ತು ಡಿಶ್ ಆಕೆಯ ಗುಡಿಸಲನ್ನು ಊರ ಹೆಂಗಸರ ಟಾಕೀಸು ಮಾಡುತ್ತವೆ. ಕಾರ್ಗಿಲ್ ಕಾಲದ ಕೋಮು ವಿಷ ಏರಿದಾಗ, ಅದೇ ಊರು ತನ್ನ ಮಕ್ಕಳನ್ನು ಹೊರಗೆ ತಂದ ಕೈಯನ್ನು ಹೊರಗೆ ಹಾಕುತ್ತದೆ. ಈ ಪಾತ್ರಕ್ಕೆ ಉಮಾಶ್ರೀಯವರಿಗೆ 2007ರ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಗಮನಿಸಿ, ಪೋಷಕ ನಟಿ ಅಲ್ಲ, ನಟಿ. ಅಷ್ಟು ಹೊತ್ತಿಗೆ ಅವರಿಗೆ ಐವತ್ತು ದಾಟಿತ್ತು.

2010ರಲ್ಲಿ ತೆರೆಗೆ ಬಂದ 'ಕನಸೆಂಬೋ ಕುದುರೆಯನೇರಿ' ನಮಗೆ ಇನ್ನೂ ಹತ್ತಿರದ್ದು. ಅದರ ಮೂಲ ನಮ್ಮ ರಾಯಚೂರು ಜಿಲ್ಲೆಯ ಅಮರೇಶ ನುಗಡೋಣಿಯವರ 'ಸವಾರಿ' ಕತೆ. ಹೆಣಕ್ಕೆ ಕುಣಿ ತೋಡುವ ಈರ್ಯ, ಅವನ ಹೆಂಡತಿ ರುದ್ರಿ. ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಸಾವು ಖಚಿತ ಅನ್ನುವುದು ಈರ್ಯನ ನಂಬಿಕೆ. ಕನಸು ಬೀಳುತ್ತದೆ, ಗೌಡ ಸತ್ತಿರುತ್ತಾನೆ, ಆದರೆ ವ್ಯವಹಾರದ ಕಾರಣಕ್ಕೆ ಮನೆಯವರು ಸಾವನ್ನು ಮುಚ್ಚಿಡುತ್ತಾರೆ. ಉಳ್ಳವರ ಒಂದು ಸುಳ್ಳು ಬಡವನ ಕನಸನ್ನೇ ಸುಳ್ಳು ಮಾಡುತ್ತದೆ. ಭೂಮಿ, ಕೂಲಿ ಕಿತ್ತುಕೊಳ್ಳುವುದು ನಮಗೆ ಗೊತ್ತಿತ್ತು. ಕನಸನ್ನೂ ಕಿತ್ತುಕೊಳ್ಳುತ್ತಾರೆ ಎಂದು ನುಗಡೋಣಿ ತೋರಿಸಿದರು.

ಈ ಚಿತ್ರದಲ್ಲಿ ಈರ್ಯನಾದವರು ಬೀದರ್ ಕಡೆಯ ವೈಜನಾಥ ಬಿರಾದಾರ. ವಾಣಿಜ್ಯ ಸಿನಿಮಾ ಅವರನ್ನೂ ಭಿಕ್ಷುಕ, ಕುಡುಕನ ಪಾತ್ರ ಕೊಟ್ಟು ನಗೆಗೇ ಇಟ್ಟಿತ್ತು. ಜನ ನೋಡಿ ನಗಲೆಂದು ಬಳಸಿದ ಎರಡು ಮೈಗಳನ್ನು ತಂದು ಒಂದು ಗುಡಿಸಿಲಲ್ಲಿ ಗಂಡ ಹೆಂಡತಿಯಾಗಿ ಕೂರಿಸಿದಾಗ ಸಿನಿಮಾದ ದೊಡ್ಡ ಗುಟ್ಟು ಹೊರಬಿತ್ತು: ಅಷ್ಟು ವರ್ಷ ನಾವು ನಕ್ಕದ್ದು ಬಡತನದ ಚಹರೆಯನ್ನು ನೋಡಿ. ರುದ್ರಿಯಲ್ಲಿ ಉಮಾಶ್ರೀ ಹೆಚ್ಚು ಮಾತಾಡುವುದಿಲ್ಲ. ಸಾಕವ್ವನ ಗಂಟಲು ಇಲ್ಲಿ ಕಣ್ಣಿಗೆ ಬಂದಿದೆ.

ಅವರ ರಾಜಕೀಯದ ಬಗ್ಗೆ ಎರಡೇ ಮಾತು. 2013ರಲ್ಲಿ ನೇಕಾರರು ಹೆಚ್ಚಿರುವ ತೇರದಾಳದಿಂದ ಶಾಸಕಿಯಾಗಿ ಗೆದ್ದು ಕನ್ನಡ ಮತ್ತು ಸಂಸ್ಕೃತಿ, ಮಹಿಳಾ ಮತ್ತು ಮಕ್ಕಳ ಕಲ್ಯಾಣ ಖಾತೆಗಳ ಸಚಿವೆಯಾದರು, 2018ರಲ್ಲಿ ಸೋತರು, 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಯಾವ ಹೆಣ್ಣನ್ನು 'ಸಂಸ್ಕೃತಿ' ಶಿಳ್ಳೆಗೆ ಇಟ್ಟಿತ್ತೋ ಆಕೆ ಸಂಸ್ಕೃತಿ ಇಲಾಖೆಯ ಕುರ್ಚಿಯಲ್ಲಿ ಕೂತದ್ದು ಸಣ್ಣ ವಿಷಯ ಅಲ್ಲ. ಹಾಗಂತ ಕುರ್ಚಿಯಿಂದ ರಂಗದ ಪಾತ್ರಹಂಚಿಕೆ ಬದಲಾಗುವುದಿಲ್ಲ ಅನ್ನುವುದೂ ಸಾಬೀತಾಯಿತು.

ಸೋತ ಮೇಲೆ ಅವರು ಮರಳಿದ್ದು ಬಣ್ಣದ ಮನೆಗೆ. 2021ರಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಮೆಸ್ ನಡೆಸಿ ಹೆಣ್ಣುಮಕ್ಕಳನ್ನು ಬೆಳೆಸುವ ಪುಟ್ಟಕ್ಕ. ರಂಗದಲ್ಲಿ ಬೇಲೂರು ರಘುನಂದನ್ ಬರೆದು ಚಿದಂಬರರಾವ್ ಜಂಬೆ ನಿರ್ದೇಶಿಸಿದ ಏಕವ್ಯಕ್ತಿ ನಾಟಕ 'ಶರ್ಮಿಷ್ಠೆ'. ಶರ್ಮಿಷ್ಠೆ ಅಸುರರ ಮಗಳು. ಬ್ರಾಹ್ಮಣ ಗುರುವಿನ ಮಗಳು ದೇವಯಾನಿಗೆ ದಾಸಿಯಾಗಬೇಕಾಗಿ ಬಂದವಳು. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಯಕ್ಷಗಾನದ ರಂಗ ಹತ್ತಿದರು, ಮಂಥರೆಯಾಗಿ. ಬೇಕೆಂದಿದ್ದರೆ ಕೈಕೇಯಿಯೋ ಕೌಸಲ್ಯೆಯೋ ಆಗಬಹುದಿತ್ತು. ರಾಮಾಯಣ ಯಾರ ಬೆನ್ನ ಮೇಲೆ ಎಲ್ಲ ಪಾಪವನ್ನೂ ಹೇರಿ ತಾನು ಕೈತೊಳೆದುಕೊಂಡಿತೋ ಆ ಗೂನುಬೆನ್ನಿನ ದಾಸಿಯಾದರು. ಸಾಕವ್ವನಿಗಾಗಿ ಬಾಗಿದ ಬೆನ್ನು ಮಂಥರೆಗೂ ಬಾಗಿತು. ಈ ಸಾಲನ್ನು ಒಟ್ಟಿಗೆ ನೋಡಿದರೆ ಒಬ್ಬ ನಟಿಯ ನಿಷ್ಠೆ ಎಲ್ಲಿದೆ ಎಂದು ತಿಳಿಯುತ್ತದೆ. ಇದನ್ನು ಗೌರವಿಸುವುದಕ್ಕೆ ನಮಗೆ ಯಾವ ಜಿಪುಣತನವೂ ಬೇಡ.

7

ಗೌರವ ಬೇರೆ, ಲೆಕ್ಕ ಬೇರೆ. ನಮ್ಮ ಲೆಕ್ಕ ಹೀಗಿದೆ.

ದಲಿತ ಸಾಹಿತ್ಯ ಕನ್ನಡಕ್ಕೆ ಬರೀ ನೋವಿನ ಕತೆ ಕೊಡಲಿಲ್ಲ. ನಟಿಗೆ ಮೈಯನ್ನು, ಸಿನಿಮಾಕ್ಕೆ ಕಣ್ಣನ್ನು, ರಂಗಭೂಮಿಗೆ ನುಡಿಯನ್ನು ಕೊಟ್ಟಿತು. ಅದನ್ನು 'ಜೀವ ತುಂಬಿದರು' ಅನ್ನುವ ಮಾತಿನಲ್ಲಿ ಮುಚ್ಚಿಹಾಕಬೇಡಿ. ಉಮಾಶ್ರೀಯವರ ಬಗ್ಗೆ ಬರೆಯುವ ವಿದ್ಯಾರ್ಥಿಗಳು ಸಾಕವ್ವನನ್ನು ಅವರ ಪಾತ್ರಗಳ ಪಟ್ಟಿಯಲ್ಲಿ ಒಂದು ಅಂತ ಬರೆಯದೆ, ಅವರ ಗುರುಗಳಲ್ಲಿ ಒಬ್ಬಳು ಅಂತ ಬರೆಯಲಿ.

ಎರಡನೆಯದು, ನಮ್ಮ ತಾಲೂಕುಗಳ ಕಾರ್ಯಕರ್ತರಿಗೆ. ರಾಣಿ ಪಾತ್ರ ಮಾಡಿ ಹೊರಗೆ ಕೂತು ಉಂಡ ತಾಯಂದಿರು ಇನ್ನೂ ನಮ್ಮ ಕೇರಿಗಳಲ್ಲಿ ಬದುಕಿದ್ದಾರೆ. ದಿನ ಕಳೆದಂತೆ ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಅವರಿಗೆ ನೂರಾರು ಪದ್ಯ, ಸಾವಿರಾರು ಮಾತು ಬಾಯಿಪಾಠ ಇದೆ. ಅವರ ಒಪ್ಪಿಗೆ ಪಡೆದು, ಅವರಿಗೆ ಬೇಕಾದಷ್ಟನ್ನೇ, ಅವರು ಹೇಳಿದ ಹಾಗೆಯೇ ಬರೆದಿಡಿ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಎರಡು ಸಾವಿರ ವರ್ಷ ಉಳಿಯಿತು. ಅದೇ ಸೀಮೆಯ ಈ ಹೆಣ್ಣುಮಕ್ಕಳ ಹೆಸರು ನಾಟಕದ ಹ್ಯಾಂಡ್‌ಬಿಲ್ಲಿನಲ್ಲೂ ಸರಿಯಾಗಿ ಉಳಿಯಲಿಲ್ಲ.

ಮೂರನೆಯದು, ಇದೇ ಕಷ್ಟದ್ದು. ಇನ್ನೊಂದು ರಂಗವನ್ನು ಕಟ್ಟಬೇಕು. ಜಯಂತಿಯ ದಿನ ಡಿಜೆ ಹಚ್ಚುವ ದುಡ್ಡಿನಲ್ಲಿ ಒಂದು ನಾಟಕ ಆಗುತ್ತದೆ. ಆ ನಾಟಕದಲ್ಲಿ ಕಾಲೇಜು ಓದುತ್ತಿರುವ ನಮ್ಮ ಕೇರಿಯ ಹುಡುಗಿ ಸಾಕವ್ವನನ್ನೂ ಆಡಲಿ, ಬೇಕಾದರೆ ದೇವಯಾನಿಯನ್ನೂ ಆಡಲಿ. ಸೀರೆಗೆ ನೋಟು ಚುಚ್ಚಲು ಯಾರೂ ಮೇಲೆ ಹತ್ತದ ಹಾಗೆ ನಾವು ಮೆಟ್ಟಿಲ ಹತ್ತಿರ ನಿಲ್ಲೋಣ. ನಾಟಕ ಮುಗಿದ ಮೇಲೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣೋಣ. ಆ ಪಂಕ್ತಿಯಲ್ಲಿ ಮೊದಲ ಎಲೆ ಆ ಹಳೆಯ ರಾಣಿಗೆ ಹಾಕೋಣ.